ಪಿಯುಸಿ ನಂತರ ಬಿಬಿಎ: ಯಾವ ಕಾಲೇಜುಗಳಿಗೆ ಅರ್ಜಿ ಹಾಕಬೇಕು?

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳ ಮನೆಗೆ ಕಾಲೇಜುಗಳಿಂದ ಕರೆಗಳು ಬರತೊಡಗುತ್ತವೆ. ಕೈಗೆ ಬರುವ ಪ್ರಾಸ್ಪೆಕ್ಟಸ್‌ಗಳಲ್ಲಿ ದೊಡ್ಡ ಕಂಪನಿಗಳ ಲಾಂಛನಗಳು, ಲಕ್ಷಗಳ ಲೆಕ್ಕದ ಸಂಬಳ, ಪಿಎಚ್.ಡಿ. ಪಡೆದ ಪ್ರಾಧ್ಯಾಪಕರ ಪಟ್ಟಿ, ರಾಷ್ಟ್ರಮಟ್ಟದ ರ‍್ಯಾಂಕ್ ಎಲ್ಲವೂ ಇರುತ್ತವೆ. ಸ್ವಲ್ಪ ನಿಧಾನವಾಗಿ ಓದಿದರೆ, ಇವುಗಳಲ್ಲಿ ಅನೇಕ ಸಂಗತಿಗಳು ಆ ಸಂಸ್ಥೆಯ ಎಂಬಿಎ ವಿಭಾಗಕ್ಕೆ ಸೇರಿದವು ಎಂಬುದು ತಿಳಿಯುತ್ತದೆ. ನೀವು ಕೂರಲಿರುವುದು ಬಿಬಿಎ ತರಗತಿಯಲ್ಲಿ. ಒಂದೇ ಆವರಣದಲ್ಲಿದ್ದರೂ ಎರಡೂ ವಿಭಾಗಗಳ ಅಧ್ಯಾಪಕರು, ಶುಲ್ಕ ಮತ್ತು ಕ್ಯಾಂಪಸ್ ಸಂದರ್ಶನಗಳು ಬೇರೆ ಬೇರೆಯಾಗಿರಬಹುದು. ಸಂಸ್ಥೆಯ ಹೆಸರಿನಿಂದ ಆ ಪದವಿ ತರಗತಿಯನ್ನು ಬಿಡಿಸಿ ನೋಡುವುದು ಹೇಗೆ, ಹಾಗೆ ನೋಡಿದ ಮೇಲೆ ಎಷ್ಟು ಕಡೆ, ಯಾವ ಕ್ರಮದಲ್ಲಿ ಅರ್ಜಿ ಹಾಕಬೇಕು ಎಂಬುದನ್ನು ಈ ಲೇಖನ ಹಂತಹಂತವಾಗಿ ವಿವರಿಸುತ್ತದೆ.

ಮೊದಲ ಹಂತ: ಪದವಿ ಯಾವುದು ಎಂದು ತೀರ್ಮಾನಿಸಿ

ಕಾಲೇಜಿಗಿಂತ ಮೊದಲು ಪದವಿಯನ್ನು ಆರಿಸಿಕೊಳ್ಳಬೇಕು. ಲೆಕ್ಕಪರಿಶೋಧನೆ, ತೆರಿಗೆ, ಸಿಎ ಕಡೆಗೆ ಮನಸ್ಸಿದ್ದವರಿಗೆ ಬಿ.ಕಾಂ. ಹೆಚ್ಚು ಹೊಂದುತ್ತದೆ. ಮಾರಾಟ, ಮಾನವ ಸಂಪನ್ಮೂಲ, ಕುಟುಂಬದ ವ್ಯಾಪಾರ, ಮುಂದೆ ಎಂಬಿಎ ಎಂಬ ಯೋಚನೆ ಇದ್ದರೆ ಬಿಬಿಎ ಸಹಜವಾದ ದಾರಿ. ನಮ್ಮಲ್ಲಿ ಹಿಂದೆ ಬಿಬಿಎಂ ಎಂದು ಕರೆಯುತ್ತಿದ್ದುದು ಇದೇ. ಆದರೆ ಎಂಬಿಎ ಸೇರಲು ಬಿಬಿಎ ಕಡ್ಡಾಯವಲ್ಲ, ಯಾವ ಪದವಿಯಾದರೂ ಸಾಲುತ್ತದೆ. ಈ ಮಾತನ್ನು ಪ್ರವೇಶ ವಿಭಾಗದ ಸಿಬ್ಬಂದಿ ತಾವಾಗಿ ಹೇಳುವುದು ಅಪರೂಪ.

ಮೂರನೆಯ ದಾರಿ ಐದು ವರ್ಷಗಳ ಸಂಯೋಜಿತ ಕೋರ್ಸ್, ಅಂದರೆ ಐಪಿಎಂ. ಇಂದೋರ್ ಐಐಎಂ (ಭಾರತೀಯ ನಿರ್ವಹಣಾ ಸಂಸ್ಥೆ) ಇದನ್ನು 2011ರಲ್ಲಿ ಆರಂಭಿಸಿತು. ರೋಹ್ಟಕ್ ಐಐಎಂ 2019ರಲ್ಲಿ, ರಾಂಚಿ, ಬೋಧಗಯಾ ಮತ್ತು ಜಮ್ಮು ಐಐಎಂಗಳು 2021ರಲ್ಲಿ ಅದೇ ಹಾದಿ ಹಿಡಿದವು. ಪಿಯುಸಿ ಮುಗಿಸಿದ ವಿದ್ಯಾರ್ಥಿ ಐದು ವರ್ಷಗಳ ನಂತರ ಎಂಬಿಎ ಪದವಿಯೊಂದಿಗೆ ಹೊರಬರುತ್ತಾನೆ, ನಡುವೆ ಎಂಬಿಎ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆ ಬರೆಯುವ ಅಗತ್ಯವಿಲ್ಲ. ಆದರೆ ಹದಿನೇಳು ವರ್ಷದವರು ಐದು ವರ್ಷಗಳ ಹಾದಿಯನ್ನೂ ಅದರ ಶುಲ್ಕವನ್ನೂ ಒಮ್ಮೆಲೇ ಒಪ್ಪಿಕೊಳ್ಳಬೇಕಾಗುತ್ತದೆ. ಮೂರು ವರ್ಷಕ್ಕೆ ಹೊರಬಂದರೆ ಯಾವ ಹೆಸರಿನ ಪದವಿ ಸಿಗುತ್ತದೆ, ಸಿಗುತ್ತದೆಯೇ ಇಲ್ಲವೇ ಎಂಬುದನ್ನು ಪ್ರತಿ ಐಐಎಂನ ನಿಯಮಾವಳಿಯಲ್ಲಿ ನೋಡಿಕೊಳ್ಳಿ. ಬೆಂಗಳೂರು ಐಐಎಂ ಕೂಡ ಜಿಗಣಿಯ ಹೊಸ ಆವರಣದಲ್ಲಿ ಪದವಿ ಕೋರ್ಸ್‌ಗಳನ್ನು ಪ್ರಕಟಿಸಿದೆ. ಅವು ಅರ್ಥಶಾಸ್ತ್ರ ಮತ್ತು ದತ್ತಾಂಶ ವಿಜ್ಞಾನದ ಬಿ.ಎಸ್ಸಿ. ಪದವಿಗಳೇ ಹೊರತು ಬಿಬಿಎ ಅಲ್ಲ.

ಅವಧಿಯ ವಿಷಯದಲ್ಲಿ ಕರ್ನಾಟಕದಲ್ಲಿ ಸ್ವಲ್ಪ ಗೊಂದಲವಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಜಾರಿಗೆ ಬಂದಿತು. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಆದರೆ ಡೀಮ್ಡ್ ಮತ್ತು ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾಲ್ಕನೆಯ ವರ್ಷದ ಆನರ್ಸ್ ಆಯ್ಕೆ ಇರುತ್ತದೆ. ದೇಶದಲ್ಲಿಯೇ ಎಂಬಿಎ ಮಾಡುವವರಿಗೆ ಮೂರು ವರ್ಷ ಸಾಕು. ಹೊರದೇಶದಲ್ಲಿ ಸ್ನಾತಕೋತ್ತರ ಓದುವ ಆಸೆ ಇದ್ದವರು ಮಾತ್ರ, ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಒಟ್ಟು ಹದಿನಾರು ವರ್ಷಗಳ ಶಿಕ್ಷಣ ಕೇಳುತ್ತವೆ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಎರಡನೆಯ ಹಂತ: ಮನೆಯ ಲೆಕ್ಕ

ಶುಲ್ಕದ ಮಾತನ್ನು ಅನೇಕ ಕುಟುಂಬಗಳು ಸೀಟು ಸಿಕ್ಕಿದ ಮೇಲೆ ಆಡುತ್ತವೆ. ಆಗ ಮಗಳ ಆಸೆ ಒಂದು ಕಡೆ, ಅಪ್ಪನ ಮೌನ ಒಂದು ಕಡೆ ಆಗಿ ಮನೆಯಲ್ಲಿ ಕಸಿವಿಸಿ ಹುಟ್ಟುತ್ತದೆ. ಅರ್ಜಿ ಹಾಕುವ ಮೊದಲೇ ಎಲ್ಲರೂ ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಮೂರೂ ವರ್ಷಗಳ ಒಟ್ಟು ಖರ್ಚನ್ನು ಬರೆಯಿರಿ: ಬೋಧನಾ ಶುಲ್ಕ, ವರ್ಷದಿಂದ ವರ್ಷಕ್ಕೆ ಅದರ ಏರಿಕೆ, ಪರೀಕ್ಷಾ ಶುಲ್ಕ, ಹಾಸ್ಟೆಲ್ ಅಥವಾ ಪಿಜಿ ಬಾಡಿಗೆ, ಊಟ, ಬಸ್ ಅಥವಾ ಮೆಟ್ರೋ, ಲ್ಯಾಪ್‌ಟಾಪ್, ಕೈಗಾರಿಕಾ ಭೇಟಿ, ಇಂಟರ್ನ್‌ಶಿಪ್ ಮಾಡುವ ತಿಂಗಳುಗಳ ವಾಸ. ಮೊದಲ ವರ್ಷದ ಶುಲ್ಕವನ್ನು ಮೂರರಿಂದ ಗುಣಿಸಿ ಬಿಡುವುದು ಸಾಲದು.

ಸಾಲ ಮಾಡುವುದಾದರೆ ಕಂತಿನ ಲೆಕ್ಕವನ್ನೂ ಈಗಲೇ ಹಾಕಿ. 8 ಲಕ್ಷ ರೂಪಾಯಿ ಸಾಲವನ್ನು ಶೇ 10ರ ಬಡ್ಡಿಯಲ್ಲಿ 7 ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 13,300 ರೂಪಾಯಿ ಆಗುತ್ತದೆ. ಓದುವ ಅವಧಿಯಲ್ಲಿ ಸೇರುವ ಬಡ್ಡಿ ಇದರ ಮೇಲೆ. ವರ್ಷಕ್ಕೆ 3 ಲಕ್ಷ ಸಂಬಳದ ಮೊದಲ ಕೆಲಸ ಸಿಕ್ಕಿದರೆ ತಿಂಗಳಿಗೆ 25,000 ರೂಪಾಯಿ, ಅದರಲ್ಲಿ ಅರ್ಧಕ್ಕೂ ಹೆಚ್ಚು ಬ್ಯಾಂಕಿಗೆ ಹೋಗುತ್ತದೆ. ಎಂಬಿಎ ಮಾಡುವ ಉದ್ದೇಶ ಖಚಿತವಾಗಿದ್ದರೆ ದೊಡ್ಡ ಖರ್ಚನ್ನು ಆ ಹಂತಕ್ಕೆ ಉಳಿಸಿಕೊಂಡು, ಪದವಿಯನ್ನು ಕಡಿಮೆ ಶುಲ್ಕದ ಒಳ್ಳೆಯ ಕಾಲೇಜಿನಲ್ಲಿ ಮುಗಿಸುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಿಗೆ ಅರ್ಹತೆಯ ಆಧಾರದಲ್ಲಿ ಸೇರಿದವರಿಗೆ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿಯೂ ಇದೆ. ನೀವು ನೋಡುತ್ತಿರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಪರಿಶೀಲಿಸಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯ ನೆರವಿದೆ.

ಮೂರನೆಯ ಹಂತ: ಯಾವ ಬಾಗಿಲಿಗೆ ಯಾವ ಪರೀಕ್ಷೆ

ಕಾಲೇಜುಗಳನ್ನು ಊರಿನ ಪ್ರಕಾರ ವಿಂಗಡಿಸುವುದಕ್ಕಿಂತ ಪ್ರವೇಶದ ಬಗೆಯ ಪ್ರಕಾರ ವಿಂಗಡಿಸಿದರೆ ಕೆಲಸ ಸುಲಭ, ಏಕೆಂದರೆ ಒಂದೇ ತಯಾರಿಯಿಂದ ಮೂರು ನಾಲ್ಕು ಬಾಗಿಲು ತಟ್ಟಬಹುದು.

ಮೊದಲ ಗುಂಪು ಐಐಎಂಗಳದ್ದು. ಇಂದೋರ್‌ನ ಐಪಿಮ್ಯಾಟ್‌ನಲ್ಲಿ ಗಣಿತದ ಎರಡು ಭಾಗಗಳೂ ಇಂಗ್ಲಿಷಿನ ಒಂದು ಭಾಗವೂ ಇದ್ದು, ಪ್ರತಿಯೊಂದಕ್ಕೆ 40 ನಿಮಿಷ. ಗಣಿತದ ಒಂದು ಭಾಗದಲ್ಲಿ ಆಯ್ಕೆಗಳನ್ನೇ ಕೊಡದೆ ಉತ್ತರವನ್ನು ನೇರವಾಗಿ ನಮೂದಿಸಲು ಹೇಳುತ್ತಾರೆ. ಬೋಧಗಯಾ ಮತ್ತು ಜಮ್ಮು ಐಐಎಂಗಳಿಗೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನಡೆಸುವ ಜಿಪ್‌ಮ್ಯಾಟ್ ಬರೆಯಬೇಕು. ಇವೆರಡರಲ್ಲೂ ಗಣಿತ ಮತ್ತು ಇಂಗ್ಲಿಷಿನ ಹಿಡಿತವೇ ನಿರ್ಣಾಯಕ. ಪಿಯುಸಿಯಲ್ಲಿ ಇತಿಹಾಸದ ಕಾಂಬಿನೇಷನ್ ತೆಗೆದುಕೊಂಡು ಗಣಿತವನ್ನು ಹತ್ತನೆಯ ತರಗತಿಗೇ ಬಿಟ್ಟವರು ಪ್ರಥಮ ಪಿಯುಸಿ ಮುಗಿದ ಬೇಸಿಗೆಯಿಂದಲೇ ತಯಾರಿ ಆರಂಭಿಸದಿದ್ದರೆ ಅರ್ಜಿ ಶುಲ್ಕ ವ್ಯರ್ಥವಾಗುವ ಸಾಧ್ಯತೆಯೇ ಹೆಚ್ಚು. ಹೀಗೆ ಹೇಳುವುದು ಯಾರನ್ನೂ ನಿರುತ್ಸಾಹಗೊಳಿಸುವುದಕ್ಕಲ್ಲ. ಆ ಶುಲ್ಕಗಳು ಸಣ್ಣವಲ್ಲ, ಅಷ್ಟೆ.

ಎರಡನೆಯ ಗುಂಪು 2022ರಲ್ಲಿ ಆರಂಭವಾದ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶ ನೀಡುವ ವಿಶ್ವವಿದ್ಯಾಲಯಗಳದ್ದು. ಇದರಲ್ಲಿ ಎದ್ದು ಕಾಣುವ ಹೆಸರು ದೆಹಲಿ ವಿಶ್ವವಿದ್ಯಾಲಯದ ಶಹೀದ್ ಸುಖದೇವ್ ಕಾಲೇಜ್ ಆಫ್ ಬಿಸಿನೆಸ್ ಸ್ಟಡೀಸ್. ಬಿಬಿಎಯಂಥದೇ ನಿರ್ವಹಣಾ ಪದವಿಯಾದ ಅಲ್ಲಿನ ಬಿಎಂಎಸ್‌ಗೆ ಒಂದು ಭಾಷೆ, ಗಣಿತ ಮತ್ತು ಸಾಮಾನ್ಯ ಪರೀಕ್ಷೆಯ ಅಂಕಗಳನ್ನು ಪರಿಗಣಿಸುತ್ತಾರೆ. ಪಿಯುಸಿಯಲ್ಲಿ ಪೂರ್ಣ ಗಣಿತದ ಬದಲು ಬೇಸಿಕ್ ಮ್ಯಾಥ್ಸ್ ಓದಿದವರು ಅದು ಸಲ್ಲುತ್ತದೆಯೇ ಎಂದು ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಬೇಕು. ಫೋನಿನಲ್ಲಿ ಯಾರೋ ‘ನಡೆಯುತ್ತದೆ’ ಎಂದದ್ದಕ್ಕೆ ಬೆಲೆಯಿಲ್ಲ. ಕನ್ನಡ ಮಾಧ್ಯಮದವರಿಗೆ ಉಪಯುಕ್ತವಾದ ಸಂಗತಿ ಏನೆಂದರೆ ಸಿಯುಇಟಿ ಪ್ರಶ್ನೆಪತ್ರಿಕೆ ಲಭ್ಯವಿರುವ 13 ಭಾಷೆಗಳಲ್ಲಿ ಕನ್ನಡವೂ ಒಂದು. ಸೇರಿದ ಮೇಲೆ ಪಾಠ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ ಎಂಬುದು ಬೇರೆ ಮಾತು.

ಮೂರನೆಯದು ಸ್ವಂತ ಪರೀಕ್ಷೆ ನಡೆಸುವ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಗುಂಪು. ನರ್ಸೀ ಮೋಂಜಿಯ ಎನ್‌ಪ್ಯಾಟ್, ಸಿಂಬಯಾಸಿಸ್‌ನ ಸೆಟ್, ಜೈನ್ ವಿಶ್ವವಿದ್ಯಾಲಯದ ಜೆಟ್ ಈ ಬಗೆಯವು. ಮೊದಲೆರಡು ಸಂಸ್ಥೆಗಳಿಗೆ ಬೆಂಗಳೂರಿನಲ್ಲಿಯೂ ಆವರಣಗಳಿವೆ. ಅರ್ಜಿಯಲ್ಲಿ ಮುಂಬಯಿ, ಪುಣೆ, ಬೆಂಗಳೂರು ಆವರಣಗಳನ್ನು ಬೇರೆ ಬೇರೆಯಾಗಿಯೇ ತೂಗಿ ನೋಡಬೇಕು, ಏಕೆಂದರೆ ಮುಖ್ಯ ಆವರಣದ ಹೆಸರು ಶಾಖೆಗೆ ತಾನಾಗಿ ಬರುವುದಿಲ್ಲ. ಕ್ರೈಸ್ಟ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೂ ಸಿಯುಇಟಿ ಎಂಬ ಅದೇ ಹ್ರಸ್ವನಾಮ ಬಳಕೆಯಲ್ಲಿದ್ದುದರಿಂದ ಒಂದನ್ನು ಬರೆದರೆ ಇನ್ನೊಂದಕ್ಕೂ ಆಯಿತು ಎಂದು ತಿಳಿಯುವವರಿದ್ದಾರೆ. ಅವೆರಡೂ ಸಂಬಂಧವಿಲ್ಲದ ಪರೀಕ್ಷೆಗಳು.

ಕೊನೆಯದು, ಪಿಯುಸಿ ಅಂಕಗಳ ಮೇಲೆ ಸೀಟು ಕೊಡುವ ಕಾಲೇಜುಗಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ಮೈಸೂರು, ಧಾರವಾಡ, ಮಂಗಳೂರು, ಬೆಂಗಳೂರು ಮುಂತಾದ ವಿಶ್ವವಿದ್ಯಾಲಯಗಳ ಸಂಯೋಜಿತ ಕಾಲೇಜುಗಳು, ಅನೇಕ ಸ್ವಾಯತ್ತ ಕಾಲೇಜುಗಳು ಇಲ್ಲಿ ಬರುತ್ತವೆ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಪ್ರಕ್ರಿಯೆ ಯುಯುಸಿಎಂಎಸ್ ಜಾಲತಾಣದ ಮೂಲಕ ನಡೆಯುತ್ತದೆ. ಫಲಿತಾಂಶದ ನಂತರ ಇಲ್ಲಿ ಸಿಗುವ ಸಮಯ ಬಹಳ ಕಡಿಮೆ. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗಿ ಪರೀಕ್ಷೆ-2 ಬರೆಯುವವರು ಅದರ ಫಲಿತಾಂಶಕ್ಕೆ ಕಾಯದೆ, ಇರುವ ಅಂಕಗಳ ಮೇಲೆಯೇ ಒಂದು ಅರ್ಜಿ ಸಲ್ಲಿಸಿರುವುದು ಕ್ಷೇಮ.

ನಾಲ್ಕನೆಯ ಹಂತ: ಬಿಬಿಎ ವಿಭಾಗವನ್ನೇ ತಪಾಸಣೆ ಮಾಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು.

ಮಾನ್ಯತೆಯಿಂದ ಆರಂಭಿಸಿ. 2024-25ನೇ ಸಾಲಿನಿಂದ ಬಿಬಿಎ, ಬಿಎಂಎಸ್ ಮತ್ತು ಬಿಸಿಎ ಕೋರ್ಸ್‌ಗಳು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ವ್ಯಾಪ್ತಿಗೆ ಬಂದಿವೆ. ಕಾಲೇಜಿನ ಹೆಸರು ಮತ್ತು ಸೀಟುಗಳ ಸಂಖ್ಯೆ ಎಐಸಿಟಿಇ ಜಾಲತಾಣದಲ್ಲಿ ಸಿಗುತ್ತವೆಯೇ ನೋಡಿ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಅಂಕಪಟ್ಟಿಯ ಮೇಲೆ ಯಾರ ಹೆಸರಿರುತ್ತದೆ ಎಂದು ಕೇಳಿ. ಅಂತರರಾಷ್ಟ್ರೀಯ ಎಂಬ ವಿಶೇಷಣ ಹೊತ್ತ ಎಷ್ಟೋ ಕಾಲೇಜುಗಳ ಪದವಿ ಪತ್ರದ ಮೇಲೆ ಕೊನೆಗೆ ಇರುವುದು ನಮ್ಮದೇ ರಾಜ್ಯ ವಿಶ್ವವಿದ್ಯಾಲಯದ ಮುದ್ರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದೇ ಮುದ್ರೆ ಪಕ್ಕದ ಬೀದಿಯ ಕಾಲೇಜಿನಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂಬುದನ್ನೂ ವಿಚಾರಿಸಬೇಕು.

ನಂತರ ರ‍್ಯಾಂಕ್. ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ನ ಮ್ಯಾನೇಜ್‌ಮೆಂಟ್ ಪಟ್ಟಿ ಸಂಸ್ಥೆಯನ್ನು ಅಳೆಯುತ್ತದೆಯೇ ಹೊರತು ಬಿಬಿಎ ಕೋರ್ಸನ್ನು ಅಳೆಯುವುದಿಲ್ಲ. ರ‍್ಯಾಂಕ್ ಪಟ್ಟಿಗಿಂತ ಉಪಯುಕ್ತವಾದದ್ದು ಅದೇ ವ್ಯವಸ್ಥೆಗೆ ಪ್ರತಿ ಸಂಸ್ಥೆ ಸಲ್ಲಿಸುವ ಮಾಹಿತಿ ಪತ್ರ. ಅದನ್ನು ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಎನ್‌ಐಆರ್‌ಎಫ್ ಎಂಬ ಕೊಂಡಿಯ ಕೆಳಗೆ ಹಾಕಿರುತ್ತವೆ. ಅದರಲ್ಲಿ ಮೂರು ವರ್ಷದ ಪದವಿಗಳಿಗೆ ಪ್ರತ್ಯೇಕ ಕೋಷ್ಟಕವಿದ್ದು, ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮಧ್ಯಾಂಕ ಸಂಬಳ (ಅರ್ಧ ಮಂದಿಗೆ ಅದಕ್ಕಿಂತ ಹೆಚ್ಚು, ಅರ್ಧ ಮಂದಿಗೆ ಕಡಿಮೆ ಇರುವ ನಡುವಿನ ಅಂಕಿ) ಎಷ್ಟು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು ಎಂಬ ಅಂಕಿಗಳಿರುತ್ತವೆ. ಬಿ.ಎ., ಬಿ.ಕಾಂ., ಬಿಬಿಎ ಎಲ್ಲವನ್ನೂ ಸೇರಿಸಿ ಕೊಟ್ಟಿರುತ್ತಾರೆ ಎಂಬುದು ಇದರ ಮಿತಿ. ಹಾಗಿದ್ದರೂ ಎಂಬಿಎ ಅಂಕಿಗಳಿಂದ ಬೇರ್ಪಟ್ಟ ಚಿತ್ರವೊಂದು ಇಲ್ಲಿ ಸಿಗುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಗ್ರೇಡ್ ವಿಷಯದಲ್ಲಿಯೂ ಅಕ್ಷರಕ್ಕಿಂತ ಕಾಲೇಜು ಸಲ್ಲಿಸಿದ ಸ್ವಯಂ ಅಧ್ಯಯನ ವರದಿ ಮುಖ್ಯ. ಅದರ ಎರಡನೆಯ ಮಾನದಂಡದಲ್ಲಿ ಅಧ್ಯಾಪಕರ ಮತ್ತು ಫಲಿತಾಂಶದ, ಐದನೆಯದರಲ್ಲಿ ಉದ್ಯೋಗ ಹಾಗೂ ಮುಂದಿನ ಓದಿನ ವಿವರಗಳಿರುತ್ತವೆ. ಗ್ರೇಡ್ ಪಡೆದ ವರ್ಷ ಯಾವುದೆಂದೂ ನೋಡಿ.

ಉದ್ಯೋಗದ ಶೇಕಡಾವಾರು ಲೆಕ್ಕ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ಬ್ಯಾಚಿನಲ್ಲಿ 180 ವಿದ್ಯಾರ್ಥಿಗಳಿದ್ದಾರೆ. ಪ್ಲೇಸ್‌ಮೆಂಟ್‌ಗೆ ಹೆಸರು ನೋಂದಾಯಿಸಿದವರು 60, ಕೆಲಸ ಸಿಕ್ಕಿದವರು 48. ಜಾಹೀರಾತಿನಲ್ಲಿ ಇದು ಶೇ 80 ಆಗುತ್ತದೆ, ತರಗತಿಯ ಲೆಕ್ಕದಲ್ಲಿ ಶೇ 27 ಮಾತ್ರ. ಸರಾಸರಿ ಸಂಬಳವೂ ಹೀಗೆಯೇ. ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ತಲಾ 3 ಲಕ್ಷ, ಒಬ್ಬನಿಗೆ 23 ಲಕ್ಷ ಸಿಕ್ಕಿದರೆ ಸರಾಸರಿ 5 ಲಕ್ಷ ಎಂದು ಬರೆಯಬಹುದು, ಆದರೆ ಆ 5 ಲಕ್ಷ ಸಂಬಳ ಪಡೆದವರು ಒಬ್ಬರೂ ಇರುವುದಿಲ್ಲ. ಆದ್ದರಿಂದ ಕೇಳಬೇಕಾದದ್ದು ಮೂರು ಸಂಗತಿ: ಬ್ಯಾಚಿನ ಒಟ್ಟು ಸಂಖ್ಯೆ, ಬಿಬಿಎಯವರ ಮಧ್ಯಾಂಕ ಸಂಬಳ, ಮತ್ತು ಕೆಲಸಗಳ ಸ್ವರೂಪ. ಮೂರನೆಯದನ್ನು ಕೇಳಲು ಸಂಕೋಚ ಬೇಡ. ಹೆಸರಾಂತ ಕಂಪನಿಯಲ್ಲಿ ಸಿಕ್ಕ ಕೆಲಸ ರಾತ್ರಿ ಪಾಳಿಯ ಗ್ರಾಹಕ ಸೇವೆಯೋ, ಗುರಿ ಮುಟ್ಟಿದರೆ ಮಾತ್ರ ಪೂರ್ತಿ ಸಂಬಳ ಸಿಗುವ ಮಾರಾಟದ ಕೆಲಸವೋ ಎಂಬುದು ಲಾಂಛನ ನೋಡಿದರೆ ತಿಳಿಯುವುದಿಲ್ಲ.

ಸಾಧ್ಯವಿದ್ದರೆ ತರಗತಿಗಳು ನಡೆಯುತ್ತಿರುವ ದಿನವೇ ಕಾಲೇಜಿಗೆ ಹೋಗಿ. ಪ್ರವೇಶ ವಿಭಾಗದವರು ಹವಾನಿಯಂತ್ರಿತ ಸಭಾಂಗಣ ತೋರಿಸುತ್ತಾರೆ, ಅದನ್ನು ನೋಡಿಕೊಂಡು ಕ್ಯಾಂಟೀನಿಗೆ ನಡೆಯಿರಿ. ಎರಡನೆಯ ಅಥವಾ ಮೂರನೆಯ ವರ್ಷದ ಬಿಬಿಎ ವಿದ್ಯಾರ್ಥಿಗಳು ಅಲ್ಲಿ ಸಿಗುತ್ತಾರೆ. ಒಂದು ಸೆಕ್ಷನ್‌ನಲ್ಲಿ ಎಷ್ಟು ಮಂದಿ, ಕಳೆದ ಸೆಮಿಸ್ಟರ್‌ನಲ್ಲಿ ಎಷ್ಟು ಅಧ್ಯಾಪಕರು ಮಧ್ಯದಲ್ಲಿ ಬಿಟ್ಟುಹೋದರು, ಲೆಕ್ಕಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಯಾರು ಕಲಿಸುತ್ತಾರೆ, ಇಂಟರ್ನ್‌ಶಿಪ್ ಕಾಲೇಜು ಕೊಡಿಸಿತೇ ಇಲ್ಲವೇ ತಾವೇ ಹುಡುಕಿಕೊಂಡು ಸರ್ಟಿಫಿಕೇಟ್ ತಂದರೇ ಎಂದು ವಿಚಾರಿಸಿ. ಪೂರ್ಣಾವಧಿ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಎಂಬುದನ್ನು ಕಚೇರಿಯಲ್ಲಿ ಕೇಳಿ. ಕಡಿಮೆ ಶುಲ್ಕದ ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಸಂಖ್ಯೆ ಹೆಚ್ಚಿರಬಹುದು. ಅವರಲ್ಲಿ ಬಹಳ ಒಳ್ಳೆಯ ಮೇಷ್ಟ್ರುಗಳೂ ಇದ್ದಾರೆ, ಆದರೆ ಅವರ ನೇಮಕಾತಿ ತಡವಾದರೆ ಪಾಠವೂ ತಡವಾಗುತ್ತದೆ.

ಇನ್ನೊಂದು ಮಾತು. ಎಸಿಸಿಎ, ಸಿಎಂಎ ಎಂಬ ಲೆಕ್ಕಪತ್ರ ವೃತ್ತಿಯ ಅರ್ಹತೆಗಳ ತರಬೇತಿ ಜೊತೆಗೂಡಿದ ಬಿಬಿಎ ಮತ್ತು ಬಿ.ಕಾಂ. ಈಗ ಬಹಳ ಕಾಲೇಜುಗಳಲ್ಲಿವೆ. ಕಾಲೇಜಿಗೆ ಕಟ್ಟುವ ಹೆಚ್ಚುವರಿ ಹಣ ಸಾಮಾನ್ಯವಾಗಿ ತರಬೇತಿಯದ್ದು. ಎಸಿಸಿಎಯ ನೋಂದಣಿ ಮತ್ತು ಪ್ರತಿ ಪತ್ರಿಕೆಯ ಶುಲ್ಕವನ್ನು ಬ್ರಿಟನ್ನಿನ ಆ ಸಂಸ್ಥೆಗೆ ಪೌಂಡ್ ಲೆಕ್ಕದಲ್ಲಿ ಕಟ್ಟಬೇಕಾಗುತ್ತದೆ. ಒಟ್ಟು 13 ಪತ್ರಿಕೆಗಳಲ್ಲಿ ಈ ಕಾಲೇಜಿನ ಪದವಿಗೆ ಎಷ್ಟರಿಂದ ವಿನಾಯಿತಿ ಇದೆ ಎಂಬುದನ್ನು ಕಾಲೇಜಿನ ಕರಪತ್ರದಲ್ಲಿ ಓದಿ ಬಿಡದೆ, ಎಸಿಸಿಎ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿ ನೋಡಿ.

ಐದನೆಯ ಹಂತ: ಪಟ್ಟಿ

ಆರರಿಂದ ಎಂಟು ಅರ್ಜಿಗಳು ಸಾಕು. ಹದಿನೈದು ಕಡೆ ಅರ್ಜಿ ಹಾಕಿದವರು ಯಾವ ಪರೀಕ್ಷೆಗೂ ಸರಿಯಾಗಿ ಓದಿರುವುದಿಲ್ಲ. ಎರಡು, ದಕ್ಕಿದರೆ ಅದೃಷ್ಟ ಎನ್ನುವಂಥವು ಇರಲಿ. ಮೂರು, ನಿಮ್ಮ ಅಂಕಗಳಿಗೂ ಕಳೆದ ವರ್ಷದ ಕಟ್‌ಆಫ್‌ಗೂ ಹತ್ತಿರವಿರುವಂಥವು ಇರಲಿ. ಎರಡು, ಸೀಟು ಖಚಿತವಾಗಿಯೂ ಸಿಗುವಂಥವು. ಈ ಕೊನೆಯ ಎರಡನ್ನು ಉದಾಸೀನದಿಂದ ಆರಿಸುವವರೇ ಹೆಚ್ಚು, ಆದರೆ ಮೂರು ವರ್ಷ ಕಳೆಯಬೇಕಾಗುವುದು ಬಹುಶಃ ಅಲ್ಲಿಯೇ ಇರಬಹುದು. ಸೀಟು ಸಿಕ್ಕಿದರೂ ಹೋಗಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಯಲ್ಲಿ ಇಡಬೇಡಿ.

ಉದಾಹರಣೆಗೆ, ಹಾವೇರಿಯಲ್ಲಿ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಓದುತ್ತಿರುವ, ಶೇ 90ರ ಆಸುಪಾಸಿನ ಅಂಕ ನಿರೀಕ್ಷಿಸುವ, ಮನೆಯಿಂದ ಮೂರು ವರ್ಷಕ್ಕೆ 5 ಲಕ್ಷ ಹೊಂದಿಸಬಲ್ಲ ವಿದ್ಯಾರ್ಥಿನಿಯೊಬ್ಬಳು ಇದ್ದಾಳೆ ಎಂದುಕೊಳ್ಳಿ. ಆಕೆ ಜಿಪ್‌ಮ್ಯಾಟ್ ಬರೆಯಬಹುದು, ಸಿಯುಇಟಿ ಮೂಲಕ ಒಂದೆರಡು ಕೇಂದ್ರೀಯ ವಿಶ್ವವಿದ್ಯಾಲಯಗಳನ್ನು ಪ್ರಯತ್ನಿಸಬಹುದು, ಬೆಂಗಳೂರಿನ ಎರಡು ಸ್ವಾಯತ್ತ ಕಾಲೇಜುಗಳಿಗೆ ಅರ್ಜಿ ಹಾಕಬಹುದು, ಹುಬ್ಬಳ್ಳಿ–ಧಾರವಾಡದ ಎರಡು ಕಾಲೇಜುಗಳನ್ನು ಖಚಿತ ಆಯ್ಕೆಯಾಗಿ ಇಟ್ಟುಕೊಳ್ಳಬಹುದು. ಬೆಂಗಳೂರಿನ ಕಾಲೇಜಿನ ಶುಲ್ಕ ಕಡಿಮೆಯಿದ್ದರೂ ಪಿಜಿ ಬಾಡಿಗೆ ಸೇರಿಸಿದರೆ ಹುಬ್ಬಳ್ಳಿಯದೇ ಅಗ್ಗವಾಗಬಹುದು. ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಅವಕಾಶ ಹೆಚ್ಚು ಎಂಬುದು ಅದಕ್ಕೆ ಎದುರು ತೂಕ. ಈ ತೂಕವನ್ನು ಆಕೆಯ ಮನೆಯವರೇ ಹಾಕಬೇಕು.

ಆರನೆಯ ಹಂತ: ದಾಖಲೆ, ದಿನಾಂಕ, ಹಣ

ಸಾಮಾನ್ಯವಾಗಿ ಖಾಸಗಿ ವಿಶ್ವವಿದ್ಯಾಲಯಗಳ ಅರ್ಜಿ ಚಳಿಗಾಲದಲ್ಲಿಯೇ ತೆರೆಯುತ್ತದೆ, ಐಪಿಎಂ ಮತ್ತು ಸಿಯುಇಟಿ ಅರ್ಜಿಗಳು ವರ್ಷದ ಮೊದಲ ತಿಂಗಳುಗಳಲ್ಲಿ ಬಂದು ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತುಹೋಗುತ್ತವೆ. ದಿನಾಂಕಗಳನ್ನು ಮನೆಯ ಕ್ಯಾಲೆಂಡರಿನಲ್ಲಿಯೇ ಗುರುತು ಹಾಕಿಡಿ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ನಮ್ಮ ರಾಜ್ಯದವರು ಪದೇಪದೇ ಎಡವುತ್ತಾರೆ. ಪ್ರವರ್ಗ-1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಗಳು ರಾಜ್ಯದ ಮೀಸಲಾತಿಗೆ ಮಾತ್ರ ಸಲ್ಲುತ್ತವೆ. ಐಐಎಂ ಮತ್ತು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಕೇಂದ್ರದ ನಮೂನೆಯಲ್ಲಿರುವ, ಕೆನೆಪದರಕ್ಕೆ ಸೇರಿಲ್ಲ ಎಂದು ದೃಢೀಕರಿಸುವ ಒಬಿಸಿ ಪ್ರಮಾಣಪತ್ರ ಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಮೊದಲು ನೋಡಿಕೊಂಡು, ಫೆಬ್ರುವರಿಗೂ ಮುನ್ನ ನಾಡಕಚೇರಿಯಲ್ಲಿ ವಿಚಾರಿಸಿ, ಆಯಾ ಪರೀಕ್ಷೆ ಕೇಳುವ ಆರ್ಥಿಕ ವರ್ಷದ ಪತ್ರವನ್ನು ಪಡೆಯಿರಿ. ಕಲ್ಯಾಣ ಕರ್ನಾಟಕದವರು ಆ ಪ್ರದೇಶದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನೂ ಸಿದ್ಧವಾಗಿಟ್ಟುಕೊಳ್ಳಬೇಕು.

ಸೀಟು ಕಾಯ್ದಿರಿಸಲು ‘ಇಂದೇ ಕಟ್ಟಿ, ನಾಳೆ ಸಿಗುವುದಿಲ್ಲ’ ಎಂಬ ಒತ್ತಡ ಬಂದಾಗ ಹಣ ಮರುಪಾವತಿಯ ನಿಯಮ ಗೊತ್ತಿರಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಸೀಟು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಉಳಿದದ್ದನ್ನು ಹಿಂತಿರುಗಿಸಬೇಕು. ಅನಂತರ ದಿನ ಕಳೆದಂತೆ ಶೇ 90, 80, 50 ಎಂದು ಇಳಿಯುತ್ತದೆ. ಕೆಲವು ವರ್ಷ ಇದಕ್ಕಿಂತ ಉದಾರವಾದ ಆದೇಶಗಳೂ ಬಂದಿವೆ. 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ಣ ಮರುಪಾವತಿಗೆ ಸೂಚಿಸಲಾಗಿತ್ತು. ನೀವು ಸೇರುವ ಸಾಲಿನ ಆದೇಶವನ್ನು ಯುಜಿಸಿ ಜಾಲತಾಣದಿಂದ ಮುದ್ರಿಸಿಕೊಂಡು ಹೋಗಿ. ಮೂಲ ಅಂಕಪಟ್ಟಿ ಮತ್ತು ಇತರ ಮೂಲ ದಾಖಲೆಗಳನ್ನು ಕಾಲೇಜು ಪರಿಶೀಲಿಸಿ ಹಿಂತಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂಬುದೂ 2018ರ ಅದೇ ಅಧಿಸೂಚನೆಯಲ್ಲಿದೆ. ಹಣ ಕಟ್ಟುವಾಗ ‘ಡೊನೇಷನ್’, ‘ಅಭಿವೃದ್ಧಿ ನಿಧಿ’ ಎಂದು ನಗದು ಕೇಳಿದರೆ ರಸೀದಿ ಬೇಡಿ. ರಸೀದಿ ಇಲ್ಲದ ಹಣಕ್ಕೆ ಮರುಪಾವತಿಯ ಯಾವ ನಿಯಮವೂ ಅನ್ವಯಿಸುವುದಿಲ್ಲ.